ಪಾಯಿಂಟುಗಳ ನಡುವಿನ ರಸ್ತೆ

ರಿಯೊ ಡಿ ಜನೈರೊ ನಗರವನ್ನು ನೋಡಲು ಜೀಪು ಬೇಕಾಗಿಲ್ಲ. ಕೋಪಾಕಬಾನದ ಹೋಟೆಲುಗಳ ಮುಂದೆ ಬಂದು ನಿಲ್ಲುವ, ಮೇಲೆ ಟಾಪಿಲ್ಲದ, ಹಿಂದೆ ಬೆಂಚು ಜೋಡಿಸಿದ ಆ ಗಾಡಿಗಳು ಹೋಗುವ ದಾರಿ ಹೆಚ್ಚುಕಡಿಮೆ ಉದ್ದಕ್ಕೂ ಡಾಂಬರಿನದು. ಹಳೆಯ ಬಡಾವಣೆಗಳಲ್ಲಿ ಅಲ್ಲಲ್ಲಿ ಕಲ್ಲುಹಾಸು. ಮಾರುತಿ ಆಲ್ಟೊ ಆರಾಮಾಗಿ ಹತ್ತಿಳಿಯುವ ರಸ್ತೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪು ಹಿಡಿದವರಿಗೆ ಇದು ತಮಾಷೆ ಎನಿಸಬಹುದು. ಅಲ್ಲಿ ಜೀಪಿನ ವ್ಯಾಪಾರ ಬೆಳೆದದ್ದೇ ಹದಗೆಟ್ಟ ದಾರಿಯಿಂದ. ಸೊಂಟ ಹಿಡಿದುಕೊಂಡು ಇಳಿದವನಿಗೆ ತಾನು ಬಾಡಿಗೆ ಕೊಟ್ಟದ್ದು ಯಾತಕ್ಕೆಂದು ಗೊತ್ತಿರುತ್ತದೆ. ರಿಯೊದಲ್ಲಿ ಜೀಪು ಒಂದು ವೇಷ. ಅರವತ್ತು ಲಕ್ಷಕ್ಕೂ ಹೆಚ್ಚು ಜನ ಬದುಕುವ ಊರಿನ ನಟ್ಟನಡುವೆ, ನೀವೀಗ ಕಾಡಿಗೆ ಹೊರಟಿದ್ದೀರಿ, ಸಾಹಸಕ್ಕೆ ಹೊರಟಿದ್ದೀರಿ ಎಂದು ನಂಬಿಸುವ ವೇಷ.

ಹಾಗಿದ್ದೂ ರಿಯೊಗೆ ಹೋಗುವ ಪರಿಚಿತರು ಕೇಳಿದರೆ ಜೀಪು ಹತ್ತಿ ಎಂದೇ ಹೇಳುತ್ತೇನೆ. ಕಾರಣ ಅದರ ಚಕ್ರವಲ್ಲ, ಇಲ್ಲದ ಮಾಡು. ಈ ಊರನ್ನು ನೋಡುವುದೆಂದರೆ ಅರ್ಧ ಪಾಲು ಕತ್ತೆತ್ತಿ ನೋಡುವುದು. ಬೀದಿಯ ತುದಿಯಲ್ಲಿ ಕಟ್ಟಡ ಮುಗಿದ ಕಡೆಯೇ ಬೋಳು ಬಂಡೆ ನೇರ ಎದ್ದು ನಿಂತಿರುತ್ತದೆ, ಆ ಬಂಡೆಯ ನೆತ್ತಿಯ ಮೇಲೆ ಮೋಡ, ಮೋಡ ಸರಿದರೆ ಕ್ರಿಸ್ತನ ತೋಳು. ಎಸಿ ಬಸ್ಸಿನ ಕಿಟಕಿ ಇದನ್ನೆಲ್ಲ ಸೊಂಟದ ಮಟ್ಟಕ್ಕೇ ಕತ್ತರಿಸಿಬಿಡುತ್ತದೆ. ಅಂಗಡಿ, ಸಿಗ್ನಲ್ಲು, ಮುಂದಿನ ಬಸ್ಸಿನ ಬೆನ್ನು, ಅಷ್ಟೇ ಉಳಿಯುವುದು. ಇನ್ನೊಂದು ಲಾಭ ಚರ್ಮಕ್ಕೆ ಗೊತ್ತಾಗುವಂಥದ್ದು. ಸಮುದ್ರದಂಡೆಯ ಅಂಟಂಟು ಸೆಕೆಯಿಂದ ಹೊರಟ ಗಾಡಿ ಕೆಲವೇ ತಿರುವುಗಳಲ್ಲಿ ಮರಗಳ ನೆರಳಿಗೆ ಹೊಕ್ಕಾಗ ಗಾಳಿ ತಣ್ಣಗಾಗುತ್ತದೆ, ಹಸಿ ಎಲೆ ಕೊಳೆತ ವಾಸನೆ ಬರುತ್ತದೆ, ಹಾರ್ನಿನ ಸದ್ದು ಹಿಂದೆ ಬಿದ್ದು ಕೀಟಗಳ ಚೀರಾಟ ಶುರುವಾಗುತ್ತದೆ. ನಗರ ಮತ್ತು ಕಾಡು ಇಷ್ಟು ಹತ್ತಿರ ಎಂದು ನಕ್ಷೆ ನೋಡಿ ತಿಳಿಯಬಹುದು; ಮೈಗೆ ತಿಳಿಸಿಕೊಡುವುದು ತೆರೆದ ಗಾಡಿಯೇ. (ಟ್ರಾಫಿಕ್ಕಿನಲ್ಲಿ ನಿಂತಾಗ ಟ್ರಕ್ಕಿನ ಹೊಗೆಯನ್ನೂ ಅದೇ ಧಾರಾಳದಲ್ಲಿ ಕುಡಿಸುತ್ತದೆ, ಅದು ಬೇರೆ ಮಾತು.)

ತೊಂದರೆಯೆಂದರೆ, ಪ್ರವಾಸ ನಡೆಸುವವರಿಗೆ ತಮ್ಮ ಕೈಯಲ್ಲಿರುವ ಒಳ್ಳೆಯ ಸರಕು ಯಾವುದೆಂದು ತಿಳಿದಂತಿಲ್ಲ. ಅವರು ಮಾರುವುದು ಪಾಯಿಂಟುಗಳನ್ನು. ಪಟ್ಟಿಯಲ್ಲಿ ಎಷ್ಟು ಹೆಸರು, ಎಲ್ಲೆಲ್ಲಿ ಎಷ್ಟು ನಿಮಿಷ, ಟಿಕೆಟ್ ಸೇರಿದೆಯೋ ಇಲ್ಲವೋ ಎಂಬುದೇ ಮಾತು. ರಸ್ತೆ ಅವರಿಗೆ ಎರಡು ಪಾಯಿಂಟುಗಳ ನಡುವಿನ ಖಾಲಿ ಹೊತ್ತು.

ಪಾಯಿಂಟುಗಳ ಲೆಕ್ಕವೇ ಹಿಡಿದರೂ ಆಯ್ಕೆಯ ವಿವೇಕ ಕಾಣುವುದಿಲ್ಲ. ಎಲ್ಲರ ಪಟ್ಟಿಯಲ್ಲೂ ಮೇಲೆ ಕೂತಿರುವುದು ಕೊರ್ಕೊವಾದೊ. 710 ಮೀಟರ್ ಎತ್ತರದ ಶಿಖರ, ಅದರ ಮೇಲೆ 8 ಮೀಟರಿನ ಪೀಠ, ಪೀಠದ ಮೇಲೆ 30 ಮೀಟರಿನ ಕ್ರಿಸ್ತ. 1931ರಲ್ಲಿ ಉದ್ಘಾಟನೆಯಾದ, ಕಾಂಕ್ರೀಟಿನ ಮೈಗೆ ಬಳಪದ ಕಲ್ಲಿನ ಸಣ್ಣ ಸಣ್ಣ ಹರಳು ಅಂಟಿಸಿದ ಆ ಪ್ರತಿಮೆ ಹತ್ತಿರದಿಂದ ನೋಡತಕ್ಕದ್ದೇ. ಆದರೆ ಜೀಪು ಅಲ್ಲಿಗೆ ಹೋಗುವುದಿಲ್ಲ. ಪೈನೇರಸ್ ಎಂಬಲ್ಲಿ ಇಳಿದು, ಸರತಿಯಲ್ಲಿ ನಿಂತು, ಉದ್ಯಾನದವರ ಅಧಿಕೃತ ವ್ಯಾನು ಹತ್ತಬೇಕು. ಅರ್ಧ ದಿನದ ಪ್ರವಾಸದಲ್ಲಿ ಒಂದು ದೊಡ್ಡ ಪಾಲು ಹೀಗೆ ಸರತಿಗೆ ಹೋಗುತ್ತದೆ. ಕೆಳಗೆ ನಿಚ್ಚಳ ಬಿಸಿಲಿದ್ದರೂ ಮೇಲೆ ಮೋಡ ಕವಿದು, ಪಕ್ಕದಲ್ಲಿ ನಿಂತವರ ಸೆಲ್ಫಿ ಕೋಲು ಬಿಟ್ಟರೆ ಬೇರೇನೂ ಕಾಣದ ದಿನಗಳು ಧಾರಾಳ. ಕೊರ್ಕೊವಾದೊಗೆ ಕೊಸ್ಮೆ ವೆಲ್ಯು ನಿಲ್ದಾಣದಿಂದ ಹಲ್ಲುಕಂಬಿಯ ರೈಲೇ ಇದೆ. 1884ರಲ್ಲಿ ಎರಡನೇ ಪೆದ್ರು ಚಕ್ರವರ್ತಿಯ ಕಾಲದಲ್ಲಿ ಶುರುವಾದ, ಪ್ರತಿಮೆಗಿಂತ ಅರ್ಧ ಶತಮಾನದಷ್ಟು ಹಳೆಯ ದಾರಿ. ಪ್ರತಿಮೆ ನೋಡಲೇಬೇಕೆಂಬವರು ಬೇರೊಂದು ಬೆಳಿಗ್ಗೆ ಅದರಲ್ಲಿ ಹೋಗಲಿ. ಜೀಪಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಬೇಡ.

ಜೀಪು ನಿಜವಾಗಿ ತಲುಪುವ, ತಲುಪಲು ಯೋಗ್ಯವಾದ ಪಾಯಿಂಟು ಡೋನಾ ಮಾರ್ತಾ. ಕೊರ್ಕೊವಾದೊದ ಅರ್ಧದಷ್ಟೇ ಎತ್ತರ, ಸುಮಾರು 360 ಮೀಟರ್. ಅದರ ಗುಟ್ಟಿರುವುದೇ ಈ ಕಡಿಮೆ ಎತ್ತರದಲ್ಲಿ. ಎದುರಿಗೆ ಕೊಲ್ಲಿಯ ಬಾಯಲ್ಲಿ ನಿಂತ ಶುಗರ್‌ಲೋಫ್ ಬಂಡೆಯ ಎತ್ತರ 396 ಮೀಟರ್. ಅಂದರೆ ನೋಡುವವನೂ ಬಂಡೆಯೂ ಹೆಚ್ಚುಕಡಿಮೆ ಸರಿಸಮ. ಕೊರ್ಕೊವಾದೊದ ನೆತ್ತಿಯಿಂದ ಇದೇ ಬಂಡೆ ಕುಗ್ಗಿ ಕೂತಂತಿರುತ್ತದೆ. ಇಲ್ಲಿಂದ ಅದಕ್ಕೆ ಮೈಕಟ್ಟು ಬರುತ್ತದೆ, ನಡುವೆ ಬೊತಾಫೋಗೊ ಎಂಬ ಒಳಕೊಲ್ಲಿಯ ದೋಣಿಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ, ಅಪಾರ್ಟ್‌ಮೆಂಟಿನ ಕಿಟಕಿಗಳು ಕಿಟಕಿಗಳಾಗಿಯೇ ಉಳಿಯುತ್ತವೆ. ಹಿಂದೆ ತಿರುಗಿದರೆ ಕ್ರಿಸ್ತ. ತೀರಾ ಎತ್ತರ ಹೋದರೆ ಊರು ನಕ್ಷೆಯಾಗುತ್ತದೆ ಎಂಬುದನ್ನು ವಿಮಾನದ ಕಿಟಕಿ ಪಕ್ಕ ಕೂತವರೆಲ್ಲ ಬಲ್ಲರು.

ಹೊತ್ತಿನ ವಿಷಯದಲ್ಲೂ ಹೀಗೆಯೇ ಅಸಡ್ಡೆ. ಡೋನಾ ಮಾರ್ತಾದಿಂದ ಕೊಲ್ಲಿ ಇರುವುದು ಪೂರ್ವಕ್ಕೆ. ನಸುಕಿನಲ್ಲೇ ಹೋದರೆ ಸೂರ್ಯೋದಯ ಸಿಗುತ್ತದೆ, ಸರಿ. ಒಂಬತ್ತು ಹತ್ತರ ಸುಮಾರಿಗೆ ಹೋದವರಿಗೆ ಸಿಗುವುದು ಕಣ್ಣಿಗೆ ಹೊಡೆಯುವ ಬಿಸಿಲು ಮತ್ತು ಕಪ್ಪು ನೆರಳಾಗಿ ನಿಂತ ಬಂಡೆ. ಮಧ್ಯಾಹ್ನ ಇಳಿದ ಮೇಲೆ ಬೆಳಕು ಬೆನ್ನ ಕಡೆಯಿಂದ ಬಂದು ಕೊಲ್ಲಿಯನ್ನೂ ಬಂಡೆಯನ್ನೂ ಊರನ್ನೂ ತೊಳೆದಿಟ್ಟಂತೆ ತೋರಿಸುತ್ತದೆ. ನಾನು ಹತ್ತಿದ ಜೀಪು ಬೆಳಗಿನದು. ಗೈಡನ್ನು ಕೇಳಿದ್ದಕ್ಕೆ, ಫೋಟೊ ಬೇಕಿದ್ದರೆ ಸಂಜೆ ಬರಬೇಕು ಎಂದು ನಗುತ್ತಲೇ ಒಪ್ಪಿಕೊಂಡ. ನೋಟವನ್ನೇ ಮಾರುವವರು ಬೆಳಕಿನ ದಿಕ್ಕನ್ನು ಲೆಕ್ಕಕ್ಕಿಡದಿದ್ದರೆ ಹೇಗೆ?

ಇನ್ನು ಕಾಡು. ಪ್ರವಾಸದ ಅಸಲು ವಿಷಯ ಇದೇ, ಗೈಡುಗಳ ಮಾತು ತೀರಾ ಸಪ್ಪೆಯಾಗುವುದೂ ಇಲ್ಲೇ. ಟಿಜೂಕ ಕಾಡಿನೊಳಗೆ ಜೀಪು ಹೊಕ್ಕಾಗ ಎರಡು ಮಾತು ಕೇಳಿಬರುತ್ತವೆ: ಇದು ಜಗತ್ತಿನಲ್ಲೇ ಅತಿ ದೊಡ್ಡ ನಗರಾರಣ್ಯ; ಇದು ಅಟ್ಲಾಂಟಿಕ್ ತೀರದ ಆದಿಮ ಮಳೆಕಾಡು. ಮೊದಲನೆಯದಕ್ಕೆ ಉತ್ತರ ಅದೇ ಊರಿನಲ್ಲಿದೆ. ಟಿಜೂಕ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 40 ಚದರ ಕಿಲೋಮೀಟರ್. ರಿಯೊದ ಪಶ್ಚಿಮ ಭಾಗದಲ್ಲಿ, ಪ್ರವಾಸಿಗರು ಹೋಗದ ಕಡೆ, ಪೆದ್ರ ಬ್ರಾಂಕ ಎಂಬ ರಾಜ್ಯ ಉದ್ಯಾನವಿದೆ, ಅದು ಸುಮಾರು 125. ಎರಡನೆಯ ಮಾತು ಸುಳ್ಳೆನ್ನುವುದಕ್ಕಿಂತ ನಷ್ಟ ಎನ್ನಬೇಕು, ಏಕೆಂದರೆ ಅದು ಇದಕ್ಕಿಂತ ಎಷ್ಟೋ ದೊಡ್ಡ ಕತೆಯನ್ನು ಮುಚ್ಚಿಹಾಕುತ್ತದೆ. ಈ ಕಾಡಿನ ಬಹುಭಾಗ ಮನುಷ್ಯರು ನೆಟ್ಟದ್ದು ಮತ್ತು ನೆಟ್ಟ ಮೇಲೆ ತಾನಾಗಿ ಹಬ್ಬಿದ್ದು.

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಈ ಇಳಿಜಾರುಗಳೆಲ್ಲ ಕಾಫಿ ತೋಟಗಳಾಗಿದ್ದವು. ಕೊಡಗು, ಚಿಕ್ಕಮಗಳೂರಿನಲ್ಲಿ ಮರಗಳ ನೆರಳಿನಡಿ ಬೆಳೆಯುವ ಕಾಫಿ ಕಂಡವರು ಆ ತೋಟಗಳನ್ನು ಬೇರೆಯಾಗಿ ಊಹಿಸಿಕೊಳ್ಳಬೇಕು. ಇಲ್ಲಿ ಕಾಡನ್ನು ಬುಡಸಮೇತ ಕಡಿದು, ಸುಟ್ಟು, ಬಟ್ಟ ಬಯಲಿನಲ್ಲಿ ಗಿಡ ಹಾಕಿದರು. ಮಣ್ಣು ಕೊಚ್ಚಿಹೋಯಿತು, ತೊರೆಗಳು ಬತ್ತಿದವು, ಬೆಟ್ಟದ ನೀರನ್ನೇ ನಂಬಿದ್ದ, ಆಗ ರಾಜಧಾನಿಯಾಗಿದ್ದ ರಿಯೊಗೆ ಬರ ಬಂತು. ಕಾಫಿ ದಣಿಗಳಿಂದ ಸರ್ಕಾರ ಜಮೀನು ವಾಪಸು ಕೊಂಡಿತು. 1861ರಲ್ಲಿ ಮೇಜರ್ ಮನುಯೆಲ್ ಗೋಮೆಸ್ ಆರ್ಚರ್ ಎಂಬವನಿಗೆ ಬೆಟ್ಟವನ್ನು ಮತ್ತೆ ಕಾಡು ಮಾಡುವ ಕೆಲಸ ವಹಿಸಲಾಯಿತು. ಹತ್ತಾರು ಸಾವಿರ ಸಸಿ ನೆಡಲಾಯಿತು. ಗುಂಡಿ ತೋಡಿ, ಸಸಿ ಹೊತ್ತು ನೆಟ್ಟವರಲ್ಲಿ ಗುಲಾಮರಿದ್ದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಕಾಫಿಗಾಗಿ ಇದೇ ಬೆಟ್ಟದ ಕಾಡು ಕಡಿದ ಕೈಗಳೂ ಗುಲಾಮರವೇ. ಕಡಿಯಲೂ ಅವರೇ, ನೆಡಲೂ ಅವರೇ. ನಾನು ಕೂತಿದ್ದ ಜೀಪಿನ ಮೈಕಿನಲ್ಲಿ ಚಕ್ರವರ್ತಿಯ ಹೆಸರು ಬಂತು, ಮೇಜರನ ಹೆಸರು ಬಂತು, ಇವರ ಸುದ್ದಿ ಬರಲಿಲ್ಲ.

ಕನ್ನಡ ನಾಡಿನವರಿಗೆ ಈ ರಸ್ತೆಯಲ್ಲಿ ಒಂದು ಪರಿಚಿತ ಮುಖ ಕಾಣಸಿಗುತ್ತದೆ: ಹಲಸು. ಬುಡದಿಂದಲೇ ಕಾಯಿ ಜೋತುಬಿದ್ದ ಮರಗಳು ತಿರುವು ತಿರುವಿನಲ್ಲೂ ನಿಂತಿವೆ. ನಮ್ಮ ಪಶ್ಚಿಮ ಘಟ್ಟದ ಈ ಮರವನ್ನು ಬ್ರೆಜಿಲ್‌ಗೆ ಒಯ್ದವರು ಪೋರ್ಚುಗೀಸರು. ಇಂದು ಟಿಜೂಕದಲ್ಲಿ ಹಲಸು ಒಂದು ಪೀಡೆ; ಬೀಜ ಬಿದ್ದಲ್ಲೆಲ್ಲ ಹುಟ್ಟಿ, ಸ್ಥಳೀಯ ಸಸಿಗಳನ್ನು ನೆರಳಿನಲ್ಲಿ ಮುಚ್ಚಿ ಬೆಳೆಯುತ್ತದೆ. ಅದನ್ನು ಹತೋಟಿಗೆ ತರಲು ಕಾಡಿನ ಮೇಲ್ವಿಚಾರಕರು ಹೆಣಗುತ್ತಿದ್ದಾರೆ. ಅಂದಮೇಲೆ ‘ಆದಿಮ ಕಾಡು’ ಎಂಬ ಮಾತಿಗೆ ರಸ್ತೆಯ ಪಕ್ಕದಲ್ಲೇ ಸಾಕ್ಷಿ ತೂಗುತ್ತಿದೆ. ಗಾಡಿ ನಿಲ್ಲಿಸಿ ಎರಡು ನಿಮಿಷ ತೋರಿಸಿದರೆ ಸಾಕು. ನಮ್ಮ ಗೈಡು ನಿಲ್ಲಿಸಿದ, ಆದರೆ ‘ಬ್ರೆಜಿಲ್‌ನ ಅಪರೂಪದ ಕಾಡುಹಣ್ಣು’ ಎಂದು ಪರಿಚಯಿಸಿದ. ಜೊತೆಗಿದ್ದ ಯುರೋಪಿನ ಪ್ರವಾಸಿಗರು ಬೆರಗಿನಿಂದ ಫೋಟೊ ತೆಗೆದುಕೊಂಡರು. ಬಾಯಿಬಿಡುವುದೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಗಾಡಿ ಹೊರಟಿತ್ತು.

ವಿಸ್ತಾ ಶಿನೇಜಾದಲ್ಲೂ ಇದೇ ಪಾಡು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ, ಸಿಮೆಂಟನ್ನು ಬಿದಿರಿನಂತೆ ಎರಕ ಹೊಯ್ದ ಚೀನೀ ಮಾದರಿಯ ಮಂಟಪ. ಕೆಳಗೆ ಲಗೋವಾ ಸರೋವರ, ಇಪನೆಮದ ಕಡಲತೀರ. ರಿಯೊದ ಸಸ್ಯೋದ್ಯಾನದಲ್ಲಿ ಚಹಾ ಬೆಳೆಸಲು ದೊರೆ ಆರನೇ ಡೊಂ ಜೊವಾಂವ್ ಕಾಲದಲ್ಲಿ ಕರೆಸಿದ ಚೀನೀ ಕೆಲಸಗಾರರ ನೆನಪಿಗೆ ಇದು. ಆ ಚಹಾ ಬೆಳೆ ನೆಲೆಯೂರಲಿಲ್ಲ. ಬಂದವರು ಏನಾದರು ಎಂಬ ಪ್ರಶ್ನೆಯನ್ನು ಮಂಟಪ ಕೇಳುವುದಿಲ್ಲ, ಮಂಟಪದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರೂ ಕೇಳುವುದಿಲ್ಲ. ಆದರೂ ಈ ಪಾಯಿಂಟನ್ನು ಪಟ್ಟಿಯಿಂದ ಕೈಬಿಡಬಾರದು. ಇಲ್ಲಿ ಸೈಕಲ್ಲು ತುಳಿದು ಏದುಸಿರು ಬಿಡುತ್ತ ಬರುವ ಊರಿನವರು ಸಿಗುತ್ತಾರೆ. ಪ್ರವಾಸಿಗರೂ ಸ್ಥಳೀಯರೂ ಒಂದೇ ಕಟ್ಟೆಯ ಮೇಲೆ ಕೂರುವುದು ಜೀಪಿನ ದಾರಿಯಲ್ಲಿ ಅಪರೂಪ. ಲಾಪಾದ ಹತ್ತಿರದ ಸೆಲರೋನ್ ಮೆಟ್ಟಿಲುಗಳನ್ನೂ ಕೆಲವರು ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಜೀಪು ಬೇಡ, ಮೆಟ್ರೊ ಇಳಿದು ನಡೆದರಾಯಿತು.

ಒಂದು ಬಗೆಯ ಜೀಪು ಪ್ರವಾಸವನ್ನು ಮಾತ್ರ ಒಪ್ಪಲಾರೆ. ಫವೇಲಾಗಳ, ಅಂದರೆ ಬೆಟ್ಟದ ಇಳಿಜಾರಿಗೆ ಅಂಟಿಕೊಂಡು ಬೆಳೆದ ಬಡವರ ಬಡಾವಣೆಗಳ ಜೀಪು ಪ್ರವಾಸ. 1992ರ ಭೂಶೃಂಗಸಭೆಯ ಆಸುಪಾಸಿನಲ್ಲಿ ರೋಸಿನ್ಯಾದಲ್ಲಿ ಇದು ಶುರುವಾಯಿತು. 2022ರ ಜನಗಣತಿಯಂತೆ 70 ಸಾವಿರಕ್ಕೂ ಹೆಚ್ಚು ಜನರಿರುವ ಬಡಾವಣೆ ಅದು. ಸಫಾರಿಯ ವೇಷ ತೊಟ್ಟ ಗಾಡಿಯಲ್ಲಿ, ಬೀದಿಯಲ್ಲಿ ನಡೆಯುವವರ ತಲೆಯ ಮಟ್ಟಕ್ಕಿಂತ ಮೇಲೆ ಬೆಂಚು ಹಾಕಿಕೊಂಡು, ಕ್ಯಾಮೆರಾ ಹಿಡಿದು ಮನೆಗಳ ನಡುವೆ ಹಾಯುವುದು ಮೃಗಾಲಯದ ಸುತ್ತಾಟವಲ್ಲದೆ ಇನ್ನೇನು ಎಂದು ಬ್ರೆಜಿಲ್‌ನಲ್ಲೇ ಬಹಳ ಜನ ಕೇಳಿದ್ದಾರೆ. ಪ್ರಶ್ನೆ ಅಷ್ಟು ಸರಳವಲ್ಲ ಎಂಬುದೂ ನಿಜ. ಸಮಾಜಶಾಸ್ತ್ರಜ್ಞೆ ಬಿಯಾಂಕ ಫ್ರೇರಿ ಮೆದೇರೊಸ್ ಈ ಪ್ರವಾಸೋದ್ಯಮವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಪುಸ್ತಕ ಬರೆದಿದ್ದಾರೆ. ಬಂದು ಹೋಗುವವರನ್ನು ನಿವಾಸಿಗಳೆಲ್ಲ ದ್ವೇಷಿಸುತ್ತಾರೆ ಎಂಬ ಊಹೆ ಅದರ ಮುಂದೆ ನಿಲ್ಲುವುದಿಲ್ಲ. ನನ್ನ ತಕರಾರು ಫವೇಲಾ ನೋಡುವುದಕ್ಕಲ್ಲ, ಜೀಪಿನ ಮೇಲಿಂದ ನೋಡುವುದಕ್ಕೆ. ಕಾಡಿನಲ್ಲಿ ಗುಣವಾಗಿದ್ದ ಎತ್ತರ, ವೇಗ, ಇಳಿಯದೆ ಹಾಯುವ ಸೌಕರ್ಯ ಎಲ್ಲವೂ ಇಲ್ಲಿ ದೋಷವಾಗುತ್ತವೆ. ಡೋನಾ ಮಾರ್ತಾ ಪಾಯಿಂಟಿನ ಕೆಳಗೇ, ಅದೇ ಬೆಟ್ಟದ ಮೇಲೆ ಸಾಂತಾ ಮಾರ್ತಾ ಎಂಬ ಫವೇಲಾ ಇದೆ. 1996ರಲ್ಲಿ ಮೈಕೆಲ್ ಜಾಕ್ಸನ್ ತನ್ನ ಹಾಡೊಂದರ ವಿಡಿಯೊಗೆ ಅಲ್ಲಿ ಕುಣಿದಿದ್ದ. ಅಲ್ಲಿಯವರೇ ಗೈಡುಗಳಾಗಿ, ಓಣಿಗಳಲ್ಲಿ ನಡೆಸಿಕೊಂಡು ಹೋಗುತ್ತಾರೆ. ಯಾವ ತಿರುವಿನಲ್ಲಿ ಕ್ಯಾಮೆರಾ ಕೆಳಗಿಡಬೇಕೆಂದು ಹೇಳುವ ಹಕ್ಕು ಅವರದು. ಅಪಾಯದ ಮಾತೂ ಇದೆ. 2017ರ ಅಕ್ಟೋಬರ್‌ನಲ್ಲಿ ರೋಸಿನ್ಯಾಕ್ಕೆ ಕಾರಿನಲ್ಲಿ ಹೋಗಿದ್ದ ಸ್ಪೇನಿನ ಪ್ರವಾಸಿ ಮಹಿಳೆಯೊಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಒಳಗಿನ ಪರಿಸ್ಥಿತಿ ಬಲ್ಲವರ ಮಾತು ಕೇಳದೆ ಗಾಡಿ ನುಗ್ಗಿಸುವ ಊರಲ್ಲ ಅದು.

ರಿಯೊದ ಬೆಟ್ಟ, ಕಾಡು, ಕಡಲು ಮತ್ತು ಅವುಗಳ ನಡುವೆ ಮನುಷ್ಯರು ಕಟ್ಟಿದ್ದನ್ನು ಸೇರಿಸಿ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು, ಅದೂ ಸಾಂಸ್ಕೃತಿಕ ಭೂದೃಶ್ಯವೆಂದು. ಪ್ರಕೃತಿಯ ಸೊಬಗು ಎಂದಷ್ಟೇ ಹೇಳಿ ಮುಗಿಸುವ ಗೈಡಿಗಿಂತ ಯುನೆಸ್ಕೊದ ಗುಮಾಸ್ತರು ಈ ಊರನ್ನು ಚೆನ್ನಾಗಿ ಓದಿದ್ದಾರೆ ಎನ್ನಬೇಕಾಗುತ್ತದೆ. ಗೈಡೊಬ್ಬನದೇ ತಪ್ಪೂ ಅಲ್ಲ. ಎರಡು ಮೂರು ಭಾಷೆಗಳಲ್ಲಿ ಒಂದೇ ವಾಕ್ಯವನ್ನು ಕೂಗಿ ಹೇಳಬೇಕು, ಎಂಜಿನ್ನಿನ ಸದ್ದು, ಗಾಳಿಯ ಸದ್ದು. ಹೀಗಿರುವಾಗ ಮಾತು ಹೆಸರು, ಎತ್ತರ, ಇಸವಿಗಳಿಗೆ ಇಳಿಯುವುದು ಸಹಜ. ತೆರೆದ ಗಾಡಿ ಕಣ್ಣು ಮೂಗಿಗೆ ಕೊಟ್ಟದ್ದನ್ನು ಕಿವಿಯಿಂದ ಕಿತ್ತುಕೊಳ್ಳುತ್ತದೆ. ಗಾಡಿ ನಿಂತಾಗಲೇ ಮಾತಾಡುವ ಗೈಡು ಸಿಕ್ಕಿದರೆ ಅರ್ಧ ಗೆದ್ದಂತೆ.

ಹೋಗುವವರು ಮಧ್ಯಾಹ್ನದ ಸರದಿ ಹಿಡಿಯಲಿ, ಕೊರ್ಕೊವಾದೊ ಸೇರದ, ಟಿಜೂಕದೊಳಗೆ ಹೆಚ್ಚು ಹೊತ್ತು ಇರುವ ಪ್ರವಾಸವನ್ನೇ ಕೇಳಿ ಪಡೆಯಲಿ. ಜೀಪಿನಲ್ಲಿ ಜನ ಕಡಿಮೆಯಿದ್ದರೆ ಕೇಳಿದಲ್ಲಿ ನಿಲ್ಲಿಸುತ್ತಾರೆ, ಅದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬೇಸಿಗೆಯೂ ಹೌದು, ಮಳೆಗಾಲವೂ ಹೌದು. ಸಂಜೆ ಮಳೆ ಇದ್ದಕ್ಕಿದ್ದಂತೆ ಸುರಿಯುತ್ತದೆ. ಜೀಪಿನವರು ಕೊಡುವ ಪ್ಲಾಸ್ಟಿಕ್ ಅಂಗಿ ಮೊಣಕಾಲಿನ ಮೇಲಕ್ಕೇ ಮುಗಿಯುತ್ತದೆ, ಫೋನಿಗೆ ಬೇರೊಂದು ಕವರು ಕೈಯಲ್ಲಿರಲಿ.