ಕಡೆಯ ಪುಟ

ನಾನು ಹುಡುಗಿಯಾಗಿದ್ದಾಗ ಶಿವಮೊಗ್ಗದ ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹಿಟ್ಟಿನ ಗಿರಣಿಗೂ ದರ್ಜಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಆ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕು. ಪುಸ್ತಕಕ್ಕೆಲ್ಲ ಕಂದು ಕಾಗದದ ಹೊದಿಕೆ, ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ನಂಬರು, ದಿನಕ್ಕೆ ನಾಲ್ಕಾಣೆ ಬಾಡಿಗೆ. ಹಿಟ್ಟು ಮಾಡಿಸಿಕೊಂಡು ಬರುತ್ತೇನೆಂದು ಹೊರಟವಳು ಡಬ್ಬಿಯ ಕೆಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಬರುತ್ತಿದ್ದೆ. ಅಮ್ಮನಿಗೆ ಗೊತ್ತಿಲ್ಲವೆಂದೇ ತಿಳಿದಿದ್ದೆ. ನಾನು ಶಾಲೆಗೆ ಹೋದ ಮೇಲೆ ಅಮ್ಮನೂ ಅದನ್ನು ಓದಿ ಇದ್ದ ಜಾಗದಲ್ಲೇ ಇಡುತ್ತಿದ್ದಳೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆ ಪುಸ್ತಕಗಳಿಗೆ ಒಂದು ಊನವಿತ್ತು. ಬಹಳಷ್ಟಕ್ಕೆ ಕಡೆಯ ಪುಟ ಇರುತ್ತಿರಲಿಲ್ಲ. ಕೈಯಿಂದ ಕೈಗೆ ಹೋಗಿ ಹೋಗಿ ಮೊದಲು ಉದುರುವುದು ಅದೇ ತಾನೆ? ಕೊಲೆಗಾರ ಯಾರೆಂದು ಹೇಳಲು ಪತ್ತೇದಾರ ಬಾಯಿ ತೆರೆಯುವ ಹೊತ್ತಿಗೆ ರಟ್ಟು ಬಂದುಬಿಡುತ್ತಿತ್ತು. ಆಗ ನಾನೂ ನನ್ನ ತಂಗಿಯೂ ರಾತ್ರಿ ಹಾಸಿಗೆಯಲ್ಲಿ ಪಿಸುಮಾತಿನಲ್ಲೇ ಕೊಲೆಗಾರನನ್ನು ಗೊತ್ತುಮಾಡುತ್ತಿದ್ದೆವು. ತಂಗಿ ಯಾವಾಗಲೂ ಅಡುಗೆಯವನನ್ನೇ ಹಿಡಿಯುತ್ತಿದ್ದಳು. "ಮನೆಯವರ ಗುಟ್ಟೆಲ್ಲ ಅವನಿಗೇ ಗೊತ್ತಿರೋದು ಕಣೇ" ಎಂಬುದು ಅವಳ ವಾದ.

ಆಗ ನಮಗೆ ಎನ್. ನರಸಿಂಹಯ್ಯನವರಿಗಿಂತ ದೊಡ್ಡ ಸಾಹಿತಿ ಇರಲಿಲ್ಲ. ಅವರು ಓದಿದ್ದು ನಾಲ್ಕನೇ ತರಗತಿಯವರೆಗೆ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಕೈಗೆ ಸಿಕ್ಕ ಕಳ್ಳ ತಪ್ಪಿಸಿಕೊಂಡದ್ದುಂಟೆ? ಚಿಕ್ಕ ಚಿಕ್ಕ ವಾಕ್ಯ, ತುಂಬ ಸಂಭಾಷಣೆ, ಎಲ್ಲಿಯೂ ನಿಲ್ಲದ ಓಟ. ಓದುವ ಚಟ ಹಿಡಿಸಿದ ಈ ಲೇಖಕರನ್ನು ವಿದ್ವಾಂಸರು ಹೆಚ್ಚಾಗಿ ಬಾಗಿಲ ಹೊರಗೇ ನಿಲ್ಲಿಸಿದರು. ನಾವು ಹೆಂಗಸರು ಮಾತ್ರ ಅಡುಗೆಮನೆಗೇ ಕರೆದುಕೊಂಡೆವು. ಸಾರು ಕುದಿಯುವ ಹೊತ್ತಿಗೆ ಹತ್ತು ಪುಟ, ಅನ್ನ ಬೇಯುವ ಹೊತ್ತಿಗೆ ಇಪ್ಪತ್ತು.

ಕಾಲೇಜಿಗೆ ಬಂದ ಮೇಲೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅಗಾಥಾ ಕ್ರಿಸ್ಟಿಯನ್ನು ಓದಿದೆ. ಅವಳ ಮಿಸ್ ಮಾರ್ಪಲ್ ನನಗೆ ತೀರ ಪರಿಚಯದವಳೆನಿಸಿದಳು. 1927ರ ಸಣ್ಣಕತೆಯಲ್ಲಿ ಮೊದಲು ಕಾಣಿಸಿಕೊಂಡ ಈ ಮುದುಕಿ ಮದುವೆಯಾದವಳಲ್ಲ, ಊರು ಬಿಟ್ಟು ಹೋಗುವುದೂ ಅಪರೂಪ. ಉಣ್ಣೆ ಹೆಣೆಯುತ್ತ ಕೂತು ಯಾರು ಯಾರ ಮನೆಗೆ ಹೋದರೆಂದು ನೋಡುತ್ತಿರುತ್ತಾಳೆ. ಕೊಲೆಯ ಸುದ್ದಿ ಬಂದರೆ, ಇದು ನಮ್ಮೂರಿನ ಇಂಥವಳ ಹಾಗಿದೆಯಲ್ಲ ಎಂದು ನೆನಪು ಮಾಡಿಕೊಳ್ಳುತ್ತಾಳೆ. ಆ ಹೋಲಿಕೆಯ ಎಳೆ ಹಿಡಿದೇ ಕೊಲೆಗಾರನವರೆಗೆ ಹೋಗುತ್ತಾಳೆ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಬೀದಿಯ ಲೆಕ್ಕವನ್ನೆಲ್ಲ ಇಡುತ್ತಿದ್ದ ನಮ್ಮ ಅಜ್ಜಿಯರು ಇನ್ನೇನು ಮಾಡುತ್ತಿದ್ದರು?

ಆದರೂ ಈ ಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ಇವುಗಳಲ್ಲಿ ಕೆಟ್ಟದ್ದೆಲ್ಲ ಒಬ್ಬನೊಳಗೆ ಸೇರಿಕೊಂಡಿರುತ್ತದೆ. ಪೊಲೀಸರು ಅವನನ್ನು ಕರೆದುಕೊಂಡು ಹೋದರೆ ಮನೆ ತೊಳೆದಿಟ್ಟ ಹಾಗಾಗುತ್ತದೆ. ಹೀಗೆ ಓದಿ ಓದಿ, ಮನೆಯಲ್ಲಿ ಏನು ಕೆಟ್ಟರೂ "ಯಾರು ಮಾಡಿದ್ದು?" ಎಂದು ಕೇಳುವ ಅಭ್ಯಾಸ ನಮಗೆ ಬಂದುಬಿಡುತ್ತದೆ. ಕ್ರಿಸ್ಟಿಯ ಬದುಕೇ ಅವಳ ಕಾದಂಬರಿಯ ಹಾಗೆ ನಡೆಯಲಿಲ್ಲ. 1926ರಲ್ಲಿ ಅವಳ ತಾಯಿ ತೀರಿಕೊಂಡರು. ಗಂಡ ಬೇರೊಬ್ಬಳಿಗಾಗಿ ವಿಚ್ಛೇದನ ಕೇಳಿದ. ಡಿಸೆಂಬರಿನಲ್ಲಿ ಕಾರನ್ನು ದಾರಿಯಲ್ಲೇ ಬಿಟ್ಟು ಕಾಣೆಯಾದವಳು ಸಿಕ್ಕಿದ್ದು 11 ದಿನದ ಮೇಲೆ, ದೂರದ ಹ್ಯಾರೊಗೇಟ್‌ನ ಹೋಟೆಲಿನಲ್ಲಿ. ಅಲ್ಲಿ ಕೊಟ್ಟಿದ್ದ ಅಡ್ಡಹೆಸರು ಗಂಡನ ಪ್ರೇಯಸಿಯದು! ತನ್ನ ಆತ್ಮಕಥೆಯಲ್ಲಿ ಅವಳು ಆ 11 ದಿನದ ಸುದ್ದಿಯನ್ನೇ ಎತ್ತಲಿಲ್ಲ. ಎಲ್ಲರ ಗಂಟನ್ನೂ ಬಿಡಿಸಿದವಳು ತನ್ನ ಗಂಟನ್ನು ಹಾಗೇ ಬಿಟ್ಟು ಹೋದಳು.

ಆಮೇಲೆ ನನ್ನ ಕೈಗೆ ಬಂದವು ಬದುಕನ್ನು ತಿದ್ದುವ ಪುಸ್ತಕಗಳು. ನೀವೂ ಓದಿರುತ್ತೀರಿ, ಮದುವೆಯಲ್ಲಿ ಉಡುಗೊರೆಯಾಗಿಯೂ ಬಂದಿರುತ್ತದೆ. ಈ ಬಗೆಯ ಬರಹ ಹಳೆಯದೇ. ಸ್ಯಾಮ್ಯುಯಲ್ ಸ್ಮೈಲ್ಸ್ ಎಂಬಾತ ಇಂಗ್ಲೆಂಡಿನಲ್ಲಿ 1859ರಲ್ಲೇ 'ಸೆಲ್ಫ್ ಹೆಲ್ಪ್' ಎಂಬ ಹೆಸರಿಟ್ಟು ಪುಸ್ತಕ ತಂದಿದ್ದ. ಅಮೆರಿಕದ ಡೇಲ್ ಕಾರ್ನೆಗಿ ಗೆಳೆಯರನ್ನು ಗಳಿಸುವ ಬಗೆಯನ್ನು 1936ರಲ್ಲಿಯೂ ಚಿಂತೆ ಬಿಡುವ ಬಗೆಯನ್ನು 1948ರಲ್ಲಿಯೂ ಹೇಳಿಕೊಟ್ಟ. ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಮನೆಮನೆಗೂ ಹೋಯಿತು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಮಂಕು ಬಡಿದು ಕೂತಿದ್ದ ನನ್ನ ಮೈದುನ ಅದನ್ನು ಓದಿಯೇ ಮತ್ತೆ ಪರೀಕ್ಷೆ ಕಟ್ಟಿದ. ಆದ್ದರಿಂದ ಈ ಪುಸ್ತಕಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುವ ಧೈರ್ಯ ನನಗಿಲ್ಲ.

ತೆಲುಗಿನಿಂದ ನಮಗೆ ಬಂದ ಯಂಡಮೂರಿ ವೀರೇಂದ್ರನಾಥರ ವಿಷಯ ಇನ್ನೂ ತಮಾಷೆಯದು. 'ತುಳಸಿದಳ'ದಲ್ಲಿ ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ಮಾಡಿಸಿ ನಾವು ರಾತ್ರಿ ಹಿತ್ತಿಲಿಗೆ ಹೋಗದ ಹಾಗೆ ಮಾಡಿದವರೂ ಅವರೇ, ಮುಂದೆ 'ವಿಜಯಕ್ಕೆ ಐದು ಮೆಟ್ಟಿಲು' ಕಟ್ಟಿಕೊಟ್ಟವರೂ ಅವರೇ. ಮೊದಲು ಹೆದರಿಸಿದರು, ಆಮೇಲೆ ಧೈರ್ಯ ಹೇಳಿದರು! ಯೋಚಿಸಿದರೆ ಎರಡು ಬಗೆಯ ಪುಸ್ತಕಕ್ಕೂ ಬಂಡವಾಳ ಒಂದೇ, ನಮ್ಮೊಳಗಿನ ಹೆದರಿಕೆ.

ಕಾರ್ನೆಗಿಯನ್ನು ಓದುವಾಗ ನನಗೆ ನಗು ಬಂದದ್ದು ಇನ್ನೊಂದು ಕಾರಣಕ್ಕೆ. ಆತ 1912ರಲ್ಲಿ ನ್ಯೂಯಾರ್ಕಿನಲ್ಲಿ ಭಾಷಣಕಲೆಯ ತರಗತಿ ಶುರುಮಾಡಿದವನು. ಅವನ ಹತ್ತಿರ ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ವ್ಯಾಪಾರದ, ಆಫೀಸಿನ ಗಂಡಸರು. ಸದಾ ನಗುಮುಖದಿಂದಿರಿ, ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಿ, ವಾದಕ್ಕೆ ಇಳಿಯಬೇಡಿ, ಅವರೇ ದೊಡ್ಡವರೆಂಬ ಭಾವನೆ ಅವರಿಗೆ ಬರಲಿ. ಇವಿಷ್ಟು ಅವನು ಹೇಳುವುದರ ಸಾರ. ಅಯ್ಯೋ, ಮದುವೆಯ ಮಾರನೆಯ ದಿನ ನನ್ನ ಸೋದರತ್ತೆ ಕಿವಿಯಲ್ಲಿ ಹೇಳಿ ಕಳಿಸಿದ್ದೂ ಇದನ್ನೇ! ಆ ಗಂಡಸರಿಗೆ ಇದರಿಂದ ಬಡ್ತಿ ಸಿಕ್ಕಿರಬಹುದು. ನಮಗೆ ಸಿಕ್ಕಿದ್ದು ಇನ್ನಷ್ಟು ಕೆಲಸ. ಯಾರಿಗಾಗಿ ಬರೆದ ಬುದ್ಧಿಮಾತು ಎಂದು ನೋಡದೆ ಅದನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ನನಗೆ ಅನ್ನಿಸಿದ್ದು ಮಾತ್ರ ತಡವಾಗಿ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

1986ರಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು, ಸುಖಪ್ರಸವ. ಕತ್ತಲೆ ಕೋಣೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಅವಳು ಗೋಡೆಯ ಕಡೆ ತಿರುಗಿ ಮಲಗತೊಡಗಿದಳು. ಮಗು ನಿದ್ದೆಮಾಡಿದರೂ ಅವಳಿಗೆ ನಿದ್ದೆಯಿಲ್ಲ. "ನನಗೆ ಇದನ್ನು ಸಾಕೋಕೆ ಬರಲ್ಲ ಅಕ್ಕ, ಯಾರಿಗಾದ್ರೂ ಕೊಟ್ಟುಬಿಡಿ" ಎಂದಳು ಒಂದು ದಿನ. ಅಜ್ಜಿ ಬಾಣಂತಿ ಸನ್ನಿ ಎಂದು ತಾಯಿತ ಕಟ್ಟಿಸಿದರು. ಪಕ್ಕದ ಮನೆಯವರು ದೃಷ್ಟಿ ಎಂದರು. ಹೆಣ್ಣು ಹುಟ್ಟಿತೆಂಬ ಬೇಸರ ಎಂದರು ಬೀಗರ ಕಡೆಯವರು. ಎಲ್ಲರೂ ಒಬ್ಬೊಬ್ಬ ಕೊಲೆಗಾರನನ್ನು ಹಿಡಿದರು.

ನಾನು ಓದಿದವಳಲ್ಲವೆ? ತಾಯಿತ ನೋಡಿ ನಕ್ಕೆ. ಚಿಂತೆಯನ್ನು ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕವೊಂದನ್ನು ತಂದು, ಮುಖ್ಯವಾದ ಮಾತುಗಳ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಅವಳ ದಿಂಬಿನ ಪಕ್ಕದಲ್ಲಿಟ್ಟೆ. ಅದರ ಹೆಸರು ಹೇಳುವುದಿಲ್ಲ. ತಪ್ಪು ಪುಸ್ತಕದ್ದಲ್ಲ, ಕೊಟ್ಟವಳದು. ವಾರ ಕಳೆದ ಮೇಲೆ ಅವಳು ಅದನ್ನು ನನ್ನ ಕೈಗೆ ಹಿಂದಿರುಗಿಸಿದಳು. "ಇದರಲ್ಲಿ ಹೇಳಿರೋದು ಒಂದೂ ನನ್ನ ಕೈಲಿ ಆಗಲಿಲ್ಲ ಅಕ್ಕ. ತಪ್ಪೆಲ್ಲ ನಂದೇ ಅಂತ ಈಗ ಗೊತ್ತಾಯ್ತು" ಎಂದಳು. ಅಳಲೂ ಇಲ್ಲ. ಲೈಬ್ರರಿಗೆ ಪುಸ್ತಕ ವಾಪಸು ಮಾಡುವ ಹಾಗೆ ಹೇಳಿದಳು.

ಎರಡು ದಿನದ ಮೇಲೆ ಬೆಳಗಿನ ಜಾವ ಅಮ್ಮ ಎದ್ದು ನೋಡಿದರೆ ಕೋಣೆಯಲ್ಲಿ ಮಗು ಮಾತ್ರ ಇತ್ತು. ತಂಗಿ ಹಿತ್ತಿಲಿನ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಅಮ್ಮ ಏನನ್ನೂ ಕೇಳದೆ ಕೈಹಿಡಿದು ಒಳಗೆ ಕರೆದುಕೊಂಡು ಬಂದಳು. ಆಮೇಲೆ ನನ್ನನ್ನೂ ಅಪ್ಪನನ್ನೂ ಎಬ್ಬಿಸಿ ಹೇಳಿದಳು: "ಇದು ಶರಪಂಜರದ ಕಾವೇರಿಗೆ ಬಂದ ಕಾಯಿಲೆ. ತಾಯಿತಕ್ಕೆ ಹೋಗಲ್ಲ, ಬುದ್ಧಿಮಾತಿಗೂ ಹೋಗಲ್ಲ. ಇವತ್ತೇ ಡಾಕ್ಟರಿಗೆ ತೋರಿಸಬೇಕು."

ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಅಮ್ಮ ತ್ರಿವೇಣಿಯವರ 'ಶರಪಂಜರ'ವನ್ನು ಯಾವಾಗ ಓದಿದ್ದಳೋ! ಮಿಸ್ ಮಾರ್ಪಲ್ ಮಾಡುವ ಕೆಲಸವನ್ನೇ ಅವಳು ಮಾಡಿದ್ದಳು. ತನಗೆ ಗೊತ್ತಿದ್ದ ಒಬ್ಬಳನ್ನು ನೆನೆದು ಕಣ್ಣೆದುರಿನವಳನ್ನು ಗುರುತಿಸಿದ್ದಳು. ಆ 'ಒಬ್ಬಳು' ಕಾದಂಬರಿಯೊಳಗಿನವಳು ಎಂಬುದಷ್ಟೇ ವ್ಯತ್ಯಾಸ.

ನಮ್ಮೂರಿನ ಲೇಡಿ ಡಾಕ್ಟರು ಅದೇ ದಿನ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಮಾತ್ರೆ ಕೊಟ್ಟರು, ಮಾತನಾಡಿಸಿದರು, ಅವಳೊಬ್ಬಳನ್ನೇ ಬಿಡಬೇಡಿ ಎಂದು ನಮಗೂ ಬುದ್ಧಿ ಹೇಳಿದರು. ಚೇತರಿಸಿಕೊಳ್ಳಲು ಏಳೆಂಟು ತಿಂಗಳು ಬೇಕಾಯಿತು. ಹೆರಿಗೆಯಾದ ಹೆಂಗಸರಲ್ಲಿ ಹತ್ತಕ್ಕೆ ಒಬ್ಬರಿಗಾದರೂ ಇಂಥ ಖಿನ್ನತೆ ಬರುತ್ತದೆಂದು ನಾನು ಆಮೇಲೆ ಓದಿ ತಿಳಿದೆ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ, ಬುದ್ಧಿಯೇ ಕದಡುವ ತೀವ್ರವಾದ ಕಾಯಿಲೆ 1000ಕ್ಕೆ ಒಬ್ಬಿಬ್ಬರಿಗೆ. ಎರಡಕ್ಕೂ ಚಿಕಿತ್ಸೆಯುಂಟು.

ಮನಶ್ಶಾಸ್ತ್ರದ ಪುಸ್ತಕಗಳನ್ನು ಮನಸ್ಸಿಟ್ಟು ಓದಿದ್ದು ಆಗಲೇ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. 1942ರಲ್ಲಿ 'ಕೊರವಂಜಿ' ಪತ್ರಿಕೆ ಹುಟ್ಟುಹಾಕಿ ನಾಡನ್ನು ನಗಿಸಿದ ರಾಶಿಯವರೂ ಮನಸ್ಸಿನ ನೋವನ್ನು ಬರೆದ ಈ ವೈದ್ಯರೂ ಒಬ್ಬರೇ ಎಂದು ತಿಳಿದಾಗ, ಇರಬೇಕಾದ್ದೇ ಎನಿಸಿತು. ಮುಂದೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಪುಸ್ತಕಗಳು ಬಂದವು. ಮನಸ್ಸಿನ ಕಾಯಿಲೆಯೂ ಮೈಯ ಕಾಯಿಲೆಯ ಹಾಗೇ, ಅದು ದೆವ್ವದ ಕಾಟವೂ ಅಲ್ಲ ಪಾಪದ ಫಲವೂ ಅಲ್ಲ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಸರಳವಾಗಿ ಬರೆದರು. ಒಮ್ಮೊಮ್ಮೆ ಒಂದೇ ಮಾತು ಮರಳಿ ಮರಳಿ ಬರುತ್ತದೆ, ನಿಜ. ಆದರೆ ಮರಳಿ ಮರಳಿ ಹೇಳಬೇಕಾದಷ್ಟು ತಾಯಿತಗಳು ಇನ್ನೂ ನಮ್ಮ ತೋಳಿನಲ್ಲಿವೆಯಲ್ಲ.

'ಶರಪಂಜರ'ವನ್ನು ಆ ವರ್ಷ ಮತ್ತೆ ಓದಿದೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಮಾಡಿದ ಕಾವೇರಿಯೇ ಅಲ್ಲಿಯತನಕ ನನ್ನ ಕಣ್ಣಲ್ಲಿದ್ದಳು. ಪುಸ್ತಕದ ಕಾವೇರಿ ಇನ್ನೂ ಹತ್ತಿರದವಳು. ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಮನೆ ನಂಬುವುದಿಲ್ಲ. ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಅವಳನ್ನು ಮುರಿದದ್ದು ಮೊದಲ ಕಾಯಿಲೆಯಲ್ಲ, ಗುಣವಾದ ಮೇಲೂ ಅವಳ ಮೇಲಿಂದ ತೆಗೆಯದ ಆ ಕಣ್ಣುಗಳು. ಪತ್ತೇದಾರ ಬಂದರೆ ಇಲ್ಲಿ ಯಾರನ್ನು ಹಿಡಿದುಕೊಂಡು ಹೋಗುತ್ತಾನೆ? ಗಂಡನನ್ನೊಬ್ಬನನ್ನೇ ಹಿಡಿದರೆ ಸಾಲದು, ಮನೆಯವರ ಜೊತೆಗೆ ಅರ್ಧ ಬೀದಿಯೇ ಜೈಲಿಗೆ ಹೋಗಬೇಕಾಗುತ್ತದೆ. ತ್ರಿವೇಣಿ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅವರಿಗೆ ತಮ್ಮ ಬಾಣಂತನವನ್ನು ಮುಗಿಸಲಾಗಲಿಲ್ಲ. ನನ್ನ ತಂಗಿ ಮಾತ್ರ ಅವರ ಪುಸ್ತಕದಿಂದಾಗಿ ತನ್ನದನ್ನು ಮುಗಿಸಿದಳು.

ಈಗ ಪುಸ್ತಕ ಕೈಗೆತ್ತಿಕೊಂಡರೆ ನಾನು ನೋಡುವುದು ಇಷ್ಟೆ: ಅದು ಮೊದಲು ಏನು ಕೇಳುತ್ತದೆ? 'ಯಾರು ಮಾಡಿದ್ದು?' ಎಂದು ಕೇಳಿದರೆ ಖುಷಿಯಾಗಿ ಓದುತ್ತೇನೆ, ಆದರೆ ಮುಗಿಸಿದ ಮೇಲೆ ಆ ಪ್ರಶ್ನೆಯನ್ನು ಮನೆಯೊಳಗೆ ತರುವುದಿಲ್ಲ. 'ನೀನು ಏನು ಮಾಡಬೇಕು?' ಎಂದು ಕೇಳಿದರೆ ನನಗೆ ಬೇಕಾದಷ್ಟು ತೆಗೆದುಕೊಳ್ಳುತ್ತೇನೆ, ಗೆರೆ ಎಳೆದು ಇನ್ನೊಬ್ಬರ ದಿಂಬಿನ ಹತ್ತಿರ ಇಡುವುದಿಲ್ಲ. 'ನಿನಗೆ ಏನಾಗುತ್ತಿದೆ?' ಎಂದು ಕೇಳುವ ಪುಸ್ತಕಗಳು ಕಡಿಮೆ. ಸಿಕ್ಕಿದರೆ ಬಾಡಿಗೆಗಲ್ಲ, ಕೊಂಡೇ ಇಟ್ಟುಕೊಳ್ಳುತ್ತೇನೆ.

ಕೆಂಪು ಗೆರೆಯ ಆ ಪುಸ್ತಕ ಇನ್ನೂ ನನ್ನ ಕಪಾಟಿನಲ್ಲಿದೆ. ತಂಗಿಯ ಮಗಳಿಗೇ ಈಗ ಮಗುವಾಗಿದೆ. ಆ ಬಾಣಂತನದ ಮೂರು ತಿಂಗಳೂ ತಂಗಿ ಮಗಳ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದಳು. ದಿನಾ ಬೆಳಿಗ್ಗೆ ಮಗುವಿನ ನಿದ್ದೆಗಿಂತ ಮೊದಲು ತಾಯಿಯ ನಿದ್ದೆಯನ್ನು ವಿಚಾರಿಸುತ್ತಿದ್ದಳು. ಕೈಯಲ್ಲಿ ಮಾತ್ರ ಯಾವಾಗಲೂ ಒಂದು ಪತ್ತೇದಾರಿ ಕಾದಂಬರಿ. ನೋಡಲು ಹೋದಾಗ ಗಮನಿಸಿದೆ, ಅವಳು ಓದಲು ಶುರುಮಾಡಿದ್ದೇ ಕಡೆಯ ಪುಟದಿಂದ.

"ಇದೇನೇ, ಆಟವೇ ಕೆಟ್ಟುಹೋಯ್ತಲ್ಲ?" ಎಂದೆ.

"ಕೊಲೆ ಮಾಡಿದವನು ಯಾರು ಅಂತ ಗೊತ್ತಾಗಿಬಿಟ್ರೆ ಮಿಕ್ಕವರನ್ನೆಲ್ಲ ನೆಮ್ಮದಿಯಾಗಿ ನೋಡಬಹುದು ಅಕ್ಕ" ಎಂದಳು. "ಈ ಸಲವೂ ಅಡುಗೆಯವನಲ್ಲ."