‘ಇಂಪ್ಲೈ’, ‘ಇನ್‌ಫರ್’ ಎಂಬ ಆಂಗ್ಲಪದಗಳ ಅರ್ಥವಿವೇಕ

ಆಂಗ್ಲಭಾಷೆಯ ‘ಇಂಪ್ಲೈ’, ‘ಇನ್‌ಫರ್’ ಎಂಬೆರಡು ಕ್ರಿಯಾಪದಗಳ ಪ್ರಯೋಗದಲ್ಲಿ ತೋರುವ ಸಾಂಕರ್ಯವು ಅಧ್ಯಾಪಕರಿಗೆಲ್ಲ ಪರಿಚಿತವಾದುದೇ. ನುಡಿಯುವವನು ‘ಇಂಪ್ಲೈ’ ಮಾಡುತ್ತಾನೆ, ಕೇಳುವವನು ‘ಇನ್‌ಫರ್’ ಮಾಡುತ್ತಾನೆ ಎಂದು ಪ್ರಯೋಗಬೋಧಕ ಗ್ರಂಥಗಳು ವಿಧಿಸುತ್ತವೆ. ವಿಧಿಯು ಗ್ರಾಹ್ಯವಾದುದು. ಆದರೆ ಅದನ್ನು ಮೀರಿದ ಪ್ರಯೋಗವೆಲ್ಲವೂ ಅಜ್ಞಾನಮೂಲವೆಂದು ಹಳಿಯುವುದು ಯುಕ್ತವಲ್ಲ. ವಿಧಿಯ ನಿಜವಾದ ಆಧಾರವು ಬೇರೆಯಾಗಿದೆ.

ಲ್ಯಾಟಿನ್ ಮೂಲದಲ್ಲಿ ಮೊದಲನೆಯದಕ್ಕೆ ಒಳಗೆ ಮಡಿಸುವುದೆಂದೂ ಎರಡನೆಯದಕ್ಕೆ ಒಳಕ್ಕೆ ತರುವುದೆಂದೂ ಅರ್ಥ. ಇಂದು ಸಾಧುವೆನಿಸಿದ ಅರ್ಥಗಳಲ್ಲಿ ಇವೆರಡನ್ನೂ ಪ್ರಯೋಗಿಸಿದವರಲ್ಲಿ ಸರ್ ಥಾಮಸ್ ಮೋರ್ ಮೊದಲಿಗನು (1528). ಆತನೇ 1533ರಲ್ಲಿ ‘ಇನ್‌ಫರ್’ ಎಂಬುದನ್ನು ‘ಇಂಪ್ಲೈ’ಗೆ ಸಮೀಪವಾದ ಅರ್ಥದಲ್ಲಿಯೂ ಬಳಸಿದನು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಮಿಲ್ಟನ್ ಕವಿಯೂ ವಸ್ತುವಿನ ಗುಣವನ್ನೇ ಈ ಕ್ರಿಯೆಗೆ ಕರ್ತೃವಾಗಿಸಿದ್ದಾನೆ. ಶಿಷ್ಟಪ್ರಯೋಗವಿರುವಲ್ಲಿ ಅಪಶಬ್ದವೆಂಬ ದೂಷಣೆಯು ನಿಲ್ಲಲಾರದು.

ಹಾಗಾದರೆ ಭೇದವನ್ನು ಏಕೆ ಪಾಲಿಸಬೇಕು? ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ತರವಿದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಒಂದು ಪ್ರಾಕೃತ ಗಾಥೆಯನ್ನು ಉದಾಹರಿಸುತ್ತಾನೆ. ಗೋದಾವರಿಯ ದಡದಲ್ಲಿರುವ ಸಿಂಹವು ನಾಯಿಯನ್ನು ಕೊಂದಿತು, ಇನ್ನು ನಿರ್ಭಯವಾಗಿ ತಿರುಗಾಡೆಂದು ಒಬ್ಬಳು ಧಾರ್ಮಿಕನಿಗೆ ಹೇಳುತ್ತಾಳೆ. ವಾಚ್ಯವು ವಿಧಿ, ವ್ಯಂಗ್ಯವು ನಿಷೇಧ. ಹನ್ನೊಂದನೆಯ ಶತಮಾನದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಇದೆಲ್ಲವೂ ಅನುಮಾನವೇ ಎಂದು ವಾದಿಸಿದನು. ಮಮ್ಮಟನು ಅದನ್ನು ಖಂಡಿಸಿದನು: ಭೀರುವಾದವನೂ ಗುರುವಿನ ಅಥವಾ ಪ್ರಭುವಿನ ಆಜ್ಞೆಯಿಂದ ಭಯಸ್ಥಾನಕ್ಕೆ ಹೋಗುವುದುಂಟಾದುದರಿಂದ ಹೇತುವು ಅನೈಕಾಂತಿಕ, ಸಿಂಹವಿದೆಯೆಂಬುದು ಕೇವಲ ಆಕೆಯ ಮಾತಾದುದರಿಂದ ಅಸಿದ್ಧವೂ ಹೌದು. ಈ ವಾದದಲ್ಲಿ ಗಮನಾರ್ಹವಾದುದೊಂದಿದೆ. ವ್ಯಂಜನೆಯನ್ನು ಅನುಮಾನದಲ್ಲಿ ಅಡಗಿಸಿದ ಮಹಿಮಭಟ್ಟನ ಮತದಲ್ಲಿಯೂ ಅನುಮಿತಿಯು ಕೇಳಿದವನಲ್ಲಿಯೇ ಹುಟ್ಟುತ್ತದೆ, ನುಡಿದವಳಲ್ಲಿ ಅಲ್ಲ. ಆದುದರಿಂದ ಹೇತುವನ್ನು ತೋರಿಸುವ ಹೊಣೆಯೂ ಕೇಳಿದವನದೇ.

ಈ ವಿವೇಕವು ತಪ್ಪಿದರೆ ಕೆಡುವುದು ಶಬ್ದಶುದ್ಧಿಯಷ್ಟೇ ಅಲ್ಲ, ವಿಮರ್ಶೆಯ ಪ್ರಾಮಾಣ್ಯವೂ ಕೆಡುತ್ತದೆ. “ಕವಿಯು ಇಲ್ಲಿ ಹೀಗೆ ಸೂಚಿಸಿದ್ದಾನೆ” ಎಂಬ ವಾಕ್ಯವು ನಮ್ಮ ಲೇಖನಗಳಲ್ಲಿ ಸುಲಭವಾಗಿ ಬರುತ್ತದೆ. ಅನೇಕ ವೇಳೆ ಅದು ವಿಮರ್ಶಕನ ಸ್ವಂತ ಊಹೆ. ಅದನ್ನು ಕವಿಯ ಮೇಲೆ ಹೊರಿಸಿದೊಡನೆ ಸಾಧಿಸಬೇಕಾದುದು ಸಿದ್ಧವಾದಂತೆ ತೋರುತ್ತದೆ, ಓದುವವನು ಹೇತುವನ್ನು ಕೇಳುವುದನ್ನೇ ಮರೆಯುತ್ತಾನೆ.

ಕನ್ನಡದಲ್ಲಿ ಮತ್ತೊಂದು ತೊಡಕಿದೆ. ‘ಇನ್‌ಫರ್’ ಎಂಬುದನ್ನು ‘ಅನುಮಾನಿಸು’ ಎಂದು ಭಾಷಾಂತರಿಸುವುದು ಶಾಸ್ತ್ರಸಮ್ಮತವಾದರೂ, ರೂಢಿಯಲ್ಲಿ ಅನುಮಾನವೆಂದರೆ ಸಂಶಯ. ನೈಯಾಯಿಕರಿಗೆ ನಿಶ್ಚಯಸಾಧನವಾದ ಪದವು ಜನರ ಬಾಯಲ್ಲಿ ಅನಿಶ್ಚಯವಾಚಕವಾಗಿದೆ. ‘ಊಹಿಸು’ ಎಂದರೆ ಹೇತುವೇ ಬೇಕಿಲ್ಲವೆಂಬ ಭಾವನೆ ಬರುತ್ತದೆ. ಆದಕಾರಣ ವಿದ್ಯಾರ್ಥಿಗಳಿಗೆ ಬೋಧಿಸುವಾಗ “ಕವಿಯು ಸೂಚಿಸುತ್ತಾನೆ”, “ಈ ಕಾರಣದಿಂದ ನಾನು ಹೀಗೆ ತಿಳಿಯುತ್ತೇನೆ” ಎಂದು ಎರಡನ್ನೂ ಬಿಡಿಸಿ ಹೇಳುವುದೇ ಉತ್ತಮವೆಂದು ನಮ್ಮ ಮತ. ಎರಡನೆಯ ವಾಕ್ಯದಲ್ಲಿ ಕಾರಣವನ್ನು ಹೇಳದೆ ವಿಧಿಯಿಲ್ಲ. ಆಂಗ್ಲಪದಗಳ ಈ ಭೇದದಿಂದ ನಾವು ಪಡೆಯಬಹುದಾದ ಮುಖ್ಯ ಪ್ರಯೋಜನವು ಇದೇ.