‘ರಾಜಿ’ ಎಂಬ ವಿಡಿಯೋ ಆಟದ ಕಥನಕಲೆ

ವಿಡಿಯೋ ಆಟವನ್ನು ಸಾಹಿತ್ಯ ವಿಮರ್ಶೆಯ ಅಂಗಳಕ್ಕೆ ತರುವುದು ಕೆಲವರು ಉಪಾಧ್ಯಾಯ ಮಿತ್ರರಿಗೆ ವಿಪರೀತವೆಂದು ತೋರೀತು. ಆದರೆ ಕಥೆಯನ್ನೇ ಆಧಾರವಾಗಿ ಇಟ್ಟುಕೊಂಡ ಆಟವನ್ನು ಕಾವ್ಯದ ಅಳತೆಗೋಲಿನಿಂದ ನೋಡುವುದರಲ್ಲಿ ತಪ್ಪೇನು? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಅಂಥದೊಂದು ಸಾಹಸದ ಆಟ.

ಕಥೆ ಸರಳವಾದುದು. ರಾಜಿ ಸರ್ಕಸ್ಸಿನ ಹುಡುಗಿ. ಅಸುರರು ಅವಳ ತಮ್ಮ ಗೋಲುವನ್ನು ಹೊತ್ತೊಯ್ಯುತ್ತಾರೆ. ದುರ್ಗೆಯ ತ್ರಿಶೂಲವನ್ನೂ ವಿಷ್ಣುವಿನ ಬಿಲ್ಲನ್ನೂ ಪಡೆದು ಅಕ್ಕ ಅವನನ್ನು ಹುಡುಕಿ ಹೊರಡುತ್ತಾಳೆ, ಎದುರಾಳಿ ಮಹಾಬಲಾಸುರ.

ಕ್ಷೇಮೇಂದ್ರನು ಹೇಳಿದ ಔಚಿತ್ಯವೆಂಬುದು ಇಲ್ಲಿ ಹಲವೆಡೆ ಚೆನ್ನಾಗಿ ಕೂಡಿಬಂದಿದೆ. ಕಂಬಕ್ಕೆ ಸುತ್ತಿ ಜಿಗಿಯುವುದು, ಗೋಡೆಯ ಮೇಲೆ ಓಡುವುದು ಇವೆಲ್ಲ ಸರ್ಕಸ್ಸಿನ ಹುಡುಗಿಗೆ ಸಹಜವಾದವು. ಚಕ್ರಗಳನ್ನು ತಿರುಗಿಸಿ ಚಿತ್ರ ಜೋಡಿಸುವ ಒಗಟುಗಳಲ್ಲಿ ಅಕ್ಕತಮ್ಮಂದಿರ ಬಾಲ್ಯದ ನೆನಪುಗಳು ಮೂಡುತ್ತವೆ. ಆಡುವವನ ಕೈಯೇ ಆ ನೆನಪನ್ನು ಕೂಡಿಸುತ್ತದೆ. ಇದು ಪುಸ್ತಕದಿಂದ ಆಗದ ಕೆಲಸ. ದಾರಿಯ ಭಿತ್ತಿಚಿತ್ರಗಳ ಮುಂದೆ ನಿಂತರೆ ಪುರಾಣದ ಕಥೆ ಕೇಳಿಬರುತ್ತದೆ. ಗದ್ವಾಲಿಗೆ ಸಮೀಪದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳ ಶಿಲ್ಪಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಪಾಠ ಹೇಳಿದ ಉಪಾಧ್ಯಾಯರಿಗೆ ಈ ಕ್ರಮ ಹೊಸದೆನಿಸದು.

ದೋಷಗಳೂ ಇವೆ. ಕಾಳಗಗಳು ಒಂದರಂತೆ ಒಂದು. ಪ್ರತಿ ಅಂಗಳದಲ್ಲೂ ಅಸುರರು ಸುತ್ತುಗಟ್ಟುತ್ತಾರೆ, ಸಾಯುತ್ತಾರೆ, ಬಾಗಿಲು ತೆರೆಯುತ್ತದೆ. ಕಥೆ ಒಂದಂಗುಲವೂ ಮುಂದಕ್ಕೆ ಹೋಗಿರುವುದಿಲ್ಲ. ದುರ್ಗೆ ಮತ್ತು ವಿಷ್ಣು ನಿರೂಪಕರಾಗಿ ಮಾತಾಡುತ್ತಲೇ ಇರುತ್ತಾರೆ. ಕಣ್ಣಿಗೆ ಕಂಡದ್ದನ್ನೇ ದೇವತೆಗಳು ಮತ್ತೆ ವರ್ಣಿಸಿದರೆ ರಸಕ್ಕೆ ಎಡೆಯೆಲ್ಲಿ? ರಾಜಿಯ ಅಳಲು ಅವರ ಮಾತಿನಲ್ಲಿ ಮುಳುಗಿಹೋಗುತ್ತದೆ.

ಕಥೆಯ ಕೆಲವು ಘಟ್ಟಗಳನ್ನು ನೆರಳುಗೊಂಬೆಗಳ ರೀತಿಯಲ್ಲಿ ತೋರಿಸಿರುವುದು ನಮ್ಮ ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಕನ್ನಡದ ತೊಗಲುಗೊಂಬೆಯಾಟವೂ ತೆಲುಗಿನ ತೋಲುಬೊಮ್ಮಲಾಟವೂ ಒಂದೇ ಬಳ್ಳಿಯ ಕಾಯಿಗಳು. ಆದರೆ ಗೊಂಬೆಯಾಟದ ಜೀವ ತೊಗಲಿನಲ್ಲಿಲ್ಲ, ಹಿಂದಿನ ದನಿಯಲ್ಲಿದೆ. ಕಿಳ್ಳೇಕ್ಯಾತರ ಮನೆಮಾತು ಬೇರೆ. ಪರದೆಯ ಹಿಂದೆ ಕುಳಿತಾಗ ಅವರು ನೋಡುವ ಜನರ ಮಾತನ್ನೇ ಆಡಿದರು. ‘ರಾಜಿ’ಯ ದುರ್ಗೆ ಮೊದಲು ಇಂಗ್ಲಿಷಿನಲ್ಲಿ ನುಡಿದಳು, 2022ರ ಆವೃತ್ತಿಯಲ್ಲಿ ಹಿಂದಿಯ ದನಿ ಬಂದಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಾರಾಯಣಪೇಟೆ, ಮಕ್ತಲ್ ಕಡೆಯ ಹುಡುಗನಿಗೆ ಎರಡೂ ಪಾಠಪುಸ್ತಕದ ದನಿಗಳೇ. ರೂಪವನ್ನು ನೆಲದಿಂದ ಎತ್ತಿಕೊಂಡು ಮಾತನ್ನು ಬೇರೆಡೆಯಿಂದ ತಂದದ್ದು ಬರಿಯ ವ್ಯಾಪಾರದ ಲೆಕ್ಕವಿರಬಹುದು. ಆದರೂ ಕಲೆಯ ದೃಷ್ಟಿಯಿಂದ ಇದು ಕಾಳಗದ ಬೇಸರಕ್ಕಿಂತ ದೊಡ್ಡ ಕೊರತೆ.

ಇನ್ನು ಮುಕ್ತಾಯ. ಸುಮಾರು ಐದು ಗಂಟೆಗಳ ಈ ಆಟ ಮಹಾಬಲಾಸುರನ ಕಾಳಗವಾದ ಮೇಲೆ ಹಠಾತ್ತನೆ ನಿಲ್ಲುತ್ತದೆ. ಕಥೆ ಇನ್ನೂ ಇದೆಯೆಂಬ ಸುಳಿವಿನೊಡನೆ ಪರದೆ ಬೀಳುತ್ತದೆ. ಇರುಳೆಲ್ಲ ನಡೆದ ಗೊಂಬೆಯಾಟ ಮಂಗಳ ಹಾಡದೆ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ್ದರೆ ಊರ ಹಿರಿಯರು ಮೇಳವನ್ನು ಸುಮ್ಮನೆ ಬಿಡುತ್ತಿದ್ದರೇ?